ಮುಖ ಗೊತ್ತಾಯ್ತು, ಹೆಸರು ಬರ್ತಿಲ್ಲ

ಬೇಸಿಗೆ ರಜೆಯ ಯಾವುದಾದರೊಂದು ಭಾನುವಾರ ಹಳ್ಳಿಯ ಪ್ರೌಢಶಾಲೆಯ ಮುಂದೆ ಹಾದುಹೋಗಿ. ಅಂಗಳದಲ್ಲಿ ಶಾಮಿಯಾನ ಎದ್ದಿರುತ್ತದೆ. ಗೇಟಿನ ಫ್ಲೆಕ್ಸ್‌ನಲ್ಲಿ ಇಂತಿಷ್ಟನೇ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ ಎಂದು ಬರೆದಿರುತ್ತದೆ. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವನು, ಕೊಲ್ಲಿಯಿಂದ ರಜೆಗೆ ಬಂದವನು, ಅದೇ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನು, ಪಕ್ಕದ ತಾಲ್ಲೂಕಿನಲ್ಲಿ ಅಂಗನವಾಡಿ ನಡೆಸುವವಳು, ಎಲ್ಲರೂ ಅಲ್ಲಿ ಸೇರಿರುತ್ತಾರೆ. ಹಾರ, ಶಾಲು, ಭಾಷಣ ಎಲ್ಲ ಆಮೇಲೆ. ಮೊದಲು ನಡೆಯುವುದು ಒಂದೇ ಆಟ: ‘ನಾನ್ಯಾರು ಹೇಳು ನೋಡಾಣ?’

ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಏಯ್, ಮುಖ ಗೊತ್ತಾಯ್ತು ಕಣೋ, ಹೆಸರು ಬಾಯಿಗೆ ಬರ್ತಿಲ್ಲ.’ ಇದನ್ನು ವಯಸ್ಸಿನ ದೋಷ ಎಂದು ನಗಾಡಿ ಮುಗಿಸಬೇಕಿಲ್ಲ. ಮನೋವಿಜ್ಞಾನಿಗಳು ಅರ್ಧ ಶತಮಾನದಿಂದ ಇದೇ ಆಟವನ್ನು ಲೆಕ್ಕ ಇಟ್ಟು ಆಡುತ್ತ ಬಂದಿದ್ದಾರೆ. ಶಾಲೆಯ ಗೆಳೆಯರು ನಮ್ಮ ಮಿದುಳಿನಲ್ಲಿ ಎಷ್ಟು ಕಾಲ ಉಳಿಯುತ್ತಾರೆ, ಅವರಲ್ಲಿ ಯಾವುದು ಅಳಿಯುತ್ತದೆ, ಯಾವುದು ನಮಗೇ ತಿಳಿಯದಂತೆ ಬದಲಾಗುತ್ತದೆ ಎಂಬುದಕ್ಕೆ ಅವರ ಬಳಿ ಸಾಕಷ್ಟು ಉತ್ತರಗಳಿವೆ.

ಐವತ್ತು ವರ್ಷದ ಪರೀಕ್ಷೆ

ಅಮೆರಿಕದ ಹೈಸ್ಕೂಲುಗಳಲ್ಲಿ ಪ್ರತಿವರ್ಷ ಎಲ್ಲ ವಿದ್ಯಾರ್ಥಿಗಳ ಫೋಟೊ ಮತ್ತು ಹೆಸರಿರುವ ‘ಇಯರ್‌ಬುಕ್’ ಅಚ್ಚಾಗುತ್ತದೆ. ಹ್ಯಾರಿ ಬಾರಿಕ್ ಎಂಬ ಮನೋವಿಜ್ಞಾನಿಗೆ ಅದೇ ಪ್ರಯೋಗದ ಸಾಮಗ್ರಿಯಾಯಿತು. ಅವರ ತಂಡ 392 ಜನರನ್ನು ಪರೀಕ್ಷಿಸಿ 1975ರಲ್ಲಿ ಫಲಿತಾಂಶ ಪ್ರಕಟಿಸಿತು. ಅವರಲ್ಲಿ ಆಗಷ್ಟೇ ಶಾಲೆ ಬಿಟ್ಟವರಿದ್ದರು, ಬಿಟ್ಟು ಅರ್ಧ ಶತಮಾನದ ಹತ್ತಿರ ಬಂದವರೂ ಇದ್ದರು.

ಐದು ಮುಖಗಳನ್ನು ಮುಂದಿಟ್ಟು ‘ಇವರಲ್ಲಿ ನಿಮ್ಮ ಶಾಲೆಯವರು ಯಾರು?’ ಎಂದು ಕೇಳಿದರು. ಸುಮ್ಮನೆ ಬೆರಳಿಟ್ಟರೂ ನೂರಕ್ಕೆ 20 ಸರಿಯಾಗಬೇಕು. ಶಾಲೆ ಬಿಟ್ಟು ಮೂವತ್ತು ವರ್ಷ ದಾಟಿದವರೂ ನೂರಕ್ಕೆ ಸುಮಾರು 90 ಸರಿ ಹೇಳಿದರು. ಐವತ್ತರ ಹತ್ತಿರ ಬಂದವರಲ್ಲಿ ಈ ಪ್ರಮಾಣ ಇಳಿದಿತ್ತು, ಆದರೂ ಹತ್ತರಲ್ಲಿ ಏಳರ ಆಸುಪಾಸಿನಲ್ಲಿ ನಿಂತಿತ್ತು. ಪ್ರಶ್ನೆಯನ್ನು ತಿರುಗಿಸಿ, ಮುಖ ತೋರಿಸಿ ಹೆಸರು ಕೇಳಿದಾಗ ಕಥೆಯೇ ಬೇರೆಯಾಯಿತು. ಐವತ್ತರ ಹತ್ತಿರದವರಿಗೆ ಐದು ಮುಖಗಳಲ್ಲಿ ಒಂದರ ಹೆಸರು ಹೇಳುವುದೂ ಕಷ್ಟವಾಯಿತು.

ಕಂಡದ್ದನ್ನು ಗುರುತಿಸುವುದು ಒಂದು ಕೆಲಸ. ಕಾಣದ್ದನ್ನು ಒಳಗಿನಿಂದ ಹುಡುಕಿ ತರುವುದು ಇನ್ನೊಂದು ಕೆಲಸ. ಮೊದಲನೆಯದು ದಶಕಗಳ ಕಾಲ ಗಟ್ಟಿಯಾಗಿರುತ್ತದೆ, ಎರಡನೆಯದು ಬೇಗ ಸೊರಗುತ್ತದೆ. ಗೆಳೆಯನ ಮುಖ ಕಂಡು ಹೆಸರಿಗಾಗಿ ತಡಕಾಡುವಾಗ ಆಗುತ್ತಿರುವುದು ಇದೇ.

ಮುಖಗಳು ಇಷ್ಟು ಕಾಲ ಉಳಿಯುವುದು ಹೇಗೆ? ಬಾರಿಕ್ ಅವರ ಪ್ರಕಾರ ಗುಟ್ಟು ಇರುವುದು ಕಲಿತ ರೀತಿಯಲ್ಲಿ. ಸಹಪಾಠಿಗಳ ಮುಖವನ್ನು ಯಾರೂ ಕೂತು ಬಾಯಿಪಾಠ ಮಾಡುವುದಿಲ್ಲ. ವರ್ಷಗಟ್ಟಲೆ, ದಿನಾ ಸ್ವಲ್ಪ ಸ್ವಲ್ಪ, ನಡುನಡುವೆ ರಜೆಯ ಬಿಡುವು ಕೊಟ್ಟು ನೋಡುತ್ತೇವೆ. ಹೀಗೆ ಬಿಡುವು ಕೊಟ್ಟು ಕಲಿತದ್ದು ಒಂದೇ ಏಟಿಗೆ ಕಲಿತದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದರು.

ಇದರ ಇನ್ನೊಂದು ಮುಖವನ್ನೂ ಬಾರಿಕ್ 1984ರಲ್ಲಿ ಅಳೆದರು. ಈ ಬಾರಿ ಪರೀಕ್ಷೆಗೆ ಕೂತವರು ಕಾಲೇಜು ಅಧ್ಯಾಪಕರು. ಕೆಲವೇ ವಾರ ಪಾಠ ಹೇಳಿದ ವಿದ್ಯಾರ್ಥಿಗಳ ಮುಖವನ್ನು ಅವರು ಎಂಟು ವರ್ಷದ ಹೊತ್ತಿಗೆ ಬಹುತೇಕ ಮರೆತಿದ್ದರು. ಅವರ ಉತ್ತರಗಳು ಬರಿಯ ಊಹೆಯ ಮಟ್ಟಕ್ಕೆ ಬಂದಿದ್ದವು. ಗುರುವಂದನೆಯಲ್ಲಿ ಮೇಷ್ಟ್ರು ನಿಮ್ಮನ್ನು ನೋಡಿ ‘ಯಾವ ಬ್ಯಾಚಪ್ಪಾ ನೀನು?’ ಎಂದರೆ ನೊಂದುಕೊಳ್ಳಬೇಡಿ. ನಿಮಗೆ ಅವರು ಹತ್ತಾರು ಶಿಕ್ಷಕರಲ್ಲಿ ಒಬ್ಬರು. ಅವರಿಗೆ ನೀವು ಸಾವಿರಾರು ಮಕ್ಕಳಲ್ಲಿ ಒಬ್ಬರು.

ಕೂದಲು ಹೋದರೂ ಕಣ್ಣು ಅದೇ

ಇಯರ್‌ಬುಕ್ಕಿನ ಮುಖ ಬದಲಾಗುವುದಿಲ್ಲ, ಶಾಮಿಯಾನದ ಕೆಳಗಿನ ಮುಖ ಬದಲಾಗಿರುತ್ತದೆ. ಕೂದಲು ಉದುರಿದೆ, ಗಲ್ಲ ತುಂಬಿದೆ, ಮೀಸೆ ಬಂದಿದೆ. ಆದರೂ ಗುರುತು ಸಿಗುತ್ತದೆ. ಮ್ಯಾಗಿ ಬ್ರಕ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವೇ ಇದು. ಇಪ್ಪತ್ತೈದನೇ ವರ್ಷದ ಪುನರ್ಮಿಲನದ ಹೊತ್ತಿಗೆ ಸಹಪಾಠಿಗಳ ಹಳೆಯ ಫೋಟೊಗಳನ್ನು ಈಗಿನ ಫೋಟೊಗಳ ಜೊತೆ ಹೊಂದಿಸಲು ಹೇಳಿದರು. ಅದೇ ಫೋಟೊಗಳನ್ನು ಹೊಂದಿಸಿದ ಅಪರಿಚಿತರಿಗಿಂತ ಹಳೆಯ ಸಹಪಾಠಿಗಳು ಈ ಕೆಲಸವನ್ನು ಚೆನ್ನಾಗಿ ಮಾಡಿದರು.

ಅಪರಿಚಿತರ ಮುಖ ನೋಡುವಾಗ ನಾವು ಕೂದಲು, ಮುಖದ ಅಂಚಿನಂಥ ಹೊರಗಿನ ಗುರುತುಗಳನ್ನು ಹೆಚ್ಚು ನೆಚ್ಚುತ್ತೇವೆ. ಪರಿಚಯ ಬೆಳೆದಂತೆ ಕಣ್ಣು, ಮೂಗು, ಬಾಯಿ, ಅವುಗಳ ನಡುವಿನ ಅಂತರ ಮುಖ್ಯವಾಗುತ್ತ ಹೋಗುತ್ತದೆ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳೆಯನ ಮುಖ ನಮ್ಮಲ್ಲಿ ದಾಖಲಾಗಿರುವುದು ಈ ಒಳಗಿನ ಗುರುತುಗಳಿಂದ. ಬೋಳುತಲೆಗೆ ಅವನ್ನು ಅಳಿಸುವ ಶಕ್ತಿಯಿಲ್ಲ. ಮುಖ ಕಂಡಾಗ ಚುರುಕಾಗುವ ಒಂದು ಭಾಗ ಮಿದುಳಿನ ತಳಬದಿಯಲ್ಲಿ, ಹೆಚ್ಚಾಗಿ ಬಲಗಡೆ, ಇದೆ ಎಂದು ನ್ಯಾನ್ಸಿ ಕ್ಯಾನ್‌ವಿಶರ್ ತಂಡ 1997ರಲ್ಲಿ ಸ್ಕ್ಯಾನ್ ಮೂಲಕ ತೋರಿಸಿತು. ಹೆಸರಿನ ಕಥೆ ಬೇರೆ.

ಹೆಸರಿನ ಮುಖ್ಯ ತೊಂದರೆ ಎಂದರೆ ಅದು ಬೇರೆ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಅಪರಿಚಿತ ಮುಖಗಳನ್ನು ತೋರಿಸಿ ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಕಸುಬು ಕಲಿಸಿದರು. ನಮ್ಮಲ್ಲಿ ಕುಂಬಾರ, ಬಡಿಗೇರ ಇರುವಂತೆ ಅಲ್ಲೂ ಬೇಕರ್, ಪಾಟರ್ ಎಂಬುವು ಕಸುಬೂ ಹೌದು, ಮನೆತನದ ಹೆಸರೂ ಹೌದು. ಅದೇ ಪದ ಕಸುಬಾಗಿ ಬಂದಾಗ ಜನ ನೆನಪಿಟ್ಟರು, ಹೆಸರಾಗಿ ಬಂದಾಗ ಮರೆತರು. ಕಸುಬು ಎಂದರೆ ಅದರ ಹಿಂದೆ ಚಕ್ರ, ಮಣ್ಣು, ಮಡಕೆ ಎಲ್ಲ ಇವೆ. ಹೆಸರಿನ ಹಿಂದೆ ಏನೂ ಇಲ್ಲ. ರವಿ ಎಂಬುವನು ರವಿಯೇ ಆಗಿರಬೇಕೆಂಬ ಕಾರಣವಿಲ್ಲ. ಹಾಜರಿ ಪುಸ್ತಕದ ಹೆಸರು ಮರೆತವರಿಗೂ ‘ಗುಂಡ’, ‘ಕಡ್ಡಿ’, ‘ಕ್ಯಾಪ್ಟನ್’ ಎಂಬ ಅಡ್ಡಹೆಸರು ಥಟ್ಟನೆ ಹೊಳೆಯುವುದಕ್ಕೆ ಇದೇ ವಿವರಣೆ ಹೊಂದುತ್ತದೆ.

ನೆನಪುಗಳು ಒಟ್ಟಾಗುವ ವಯಸ್ಸು

ಊಟಕ್ಕೆ ಕೂತ ಮೇಲೆ ಮಾತು ಶುರು. ನಲವತ್ತು ದಾಟಿದವರಿಗೆ ಹೋದ ವರ್ಷದ ಸಂಗತಿಗಿಂತ ಒಂಬತ್ತನೇ ಕ್ಲಾಸಿನ ಪ್ರವಾಸವೇ ಸ್ಪಷ್ಟವಾಗಿ ಕಾಣುವುದುಂಟು. ಇದೂ ಅಳತೆಗೆ ಸಿಕ್ಕಿದೆ. ಮಧ್ಯವಯಸ್ಸು ದಾಟಿದವರಿಗೆ ಒಂದೊಂದು ಪದ ಕೊಟ್ಟು ಅದರಿಂದ ಹೊಳೆದ ಸ್ವಂತ ನೆನಪನ್ನೂ ಅದು ನಡೆದ ವಯಸ್ಸನ್ನೂ ಬರೆಸಿದರೆ, ತೀರಾ ಈಚಿನ ದಿನಗಳನ್ನು ಬಿಟ್ಟು, ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ನಿರೀಕ್ಷೆಗಿಂತ ಹೆಚ್ಚು ಸಿಗುತ್ತವೆ. ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ಇದನ್ನು ಖಚಿತಪಡಿಸಿದರು. ನಕ್ಷೆ ಬರೆದರೆ ಆ ವಯಸ್ಸಿನಲ್ಲಿ ಗೆರೆ ದಿಬ್ಬದಂತೆ ಏಳುತ್ತದೆ.

ಕಾರಣ ಒಂದೇ ಅಲ್ಲ. ಮೊದಲ ಸೈಕಲ್, ಮೊದಲ ಪ್ರೇಮಪತ್ರ, ಮೊದಲ ಫೇಲು, ಹೀಗೆ ಆ ವಯಸ್ಸಿನಲ್ಲಿ ಮೊದಲ ಬಾರಿಯ ಸಂಗತಿಗಳು ತುಂಬಿರುತ್ತವೆ. ಹೊಸದನ್ನು ಮಿದುಳು ಚೆನ್ನಾಗಿ ದಾಖಲಿಸುತ್ತದೆ. ‘ನಾನು ಇಂಥವನು’ ಎಂಬ ತಿಳಿವಳಿಕೆ ರೂಪುಗೊಳ್ಳುವುದೂ ಆಗಲೇ. ಮುಂದೆ ನಮ್ಮ ಕಥೆ ಹೇಳಿಕೊಳ್ಳುವಾಗೆಲ್ಲ ಆ ದಿನಗಳಿಗೇ ಮರಳುತ್ತೇವೆ. ಮರಳಿದಷ್ಟೂ ಆ ನೆನಪು ಹತ್ತಿರವಾಗುತ್ತದೆ.

ಗಟ್ಟಿಯಾದ ನೆನಪು, ತಪ್ಪಾದ ನೆನಪು

ಸ್ಪಷ್ಟವಾಗಿರುವುದೆಲ್ಲ ನಿಜ ಎಂದೇನಿಲ್ಲ. ಗೆಳೆಯರು ತಮ್ಮ ಅಂಕಗಳನ್ನು ಹೇಳಿಕೊಳ್ಳುವಾಗ ಇದು ಗಮನದಲ್ಲಿರಲಿ. 1996ರಲ್ಲಿ ಬಾರಿಕ್ ತಂಡ 99 ಕಾಲೇಜು ವಿದ್ಯಾರ್ಥಿಗಳಿಂದ ಅವರ ಹೈಸ್ಕೂಲು ಗ್ರೇಡುಗಳನ್ನು ಕೇಳಿ ಬರೆದುಕೊಂಡು ಶಾಲಾ ದಾಖಲೆಯೊಡನೆ ತಾಳೆ ನೋಡಿತು. ‘ಎ’ ಬಂದದ್ದನ್ನು ನೂರರಲ್ಲಿ 89 ಸಲ ಸರಿಯಾಗಿ ಹೇಳಿದ್ದರು. ‘ಡಿ’ ಬಂದದ್ದನ್ನು ಸರಿಯಾಗಿ ಹೇಳಿದ್ದು 29 ಸಲ ಮಾತ್ರ. ತಪ್ಪುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿನವು, ಬಂದದ್ದಕ್ಕಿಂತ ಮೇಲಿನ ಗ್ರೇಡು ಹೇಳುವುದು. ಸುಳ್ಳು ಹೇಳುವ ಉದ್ದೇಶವೇ ಇರಬೇಕಿಲ್ಲ. ಮರೆತ ಜಾಗವನ್ನು ಮಿದುಳು ನಮಗೆ ಹಿತವಾಗುವಂತೆ ತುಂಬಿಕೊಳ್ಳುತ್ತದೆ.

ಅಮೆರಿಕದ ಮನೋವೈದ್ಯ ಡೇನಿಯಲ್ ಆಫರ್ ಇನ್ನೂ ಮುಂದೆ ಹೋದರು. 1960ರ ದಶಕದಲ್ಲಿ 14 ವರ್ಷದ ಹುಡುಗರನ್ನು ಮನೆ, ಶಿಸ್ತು, ಗೆಳೆತನಗಳ ಬಗ್ಗೆ ಮಾತಾಡಿಸಿದ್ದ ಅವರು, ಅದೇ ಜನರನ್ನು 48ರ ವಯಸ್ಸಿನಲ್ಲಿ ಮತ್ತೆ ಕೇಳಿದರು: ‘ಆಗ ನೀವು ಏನು ಹೇಳಿದ್ದಿರಿ?’ ನಾಣ್ಯ ಚಿಮ್ಮಿ ಉತ್ತರಿಸಿದ್ದರೆ ಎಷ್ಟು ಸರಿಯಾಗುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಸರಿಯಾಯಿತು.

ಹಾಗಾದರೆ ನಾಲ್ಕು ಜನ ಕೂಡಿ ನೆನೆದರೆ ತಪ್ಪು ತಿದ್ದಿಕೊಳ್ಳಬಹುದೇ? ಇಲ್ಲೂ ಒಂದು ತಿರುವಿದೆ. ಮೂವರು ಒಟ್ಟಿಗೆ ಕೂತು ನೆನಪಿಸಿಕೊಂಡದ್ದನ್ನು, ಮೂವರು ಬೇರೆ ಬೇರೆಯಾಗಿ ನೆನಪಿಸಿಕೊಂಡು ಒಟ್ಟು ಮಾಡಿದ್ದಕ್ಕೆ ಹೋಲಿಸಿದರೆ, ಒಟ್ಟಿಗೆ ಕೂತವರ ಪಟ್ಟಿಯೇ ಚಿಕ್ಕದು. ಒಬ್ಬ ಹೇಳುವ ಕ್ರಮ ಇನ್ನೊಬ್ಬನ ಮನಸ್ಸಿನ ಕ್ರಮವನ್ನು ಕೆಡಿಸುತ್ತದೆ. ಜೊತೆಗೆ ಒಬ್ಬನ ತಪ್ಪು ನೆನಪು ಇನ್ನೊಬ್ಬನಿಗೆ ಅಂಟುತ್ತದೆ. ಹರಿಕಥೆಯ ದಾಸರು ಊರಿಂದ ಊರಿಗೆ ಅದೇ ಪ್ರಸಂಗಕ್ಕೆ ಹೊಸ ಉಪಕಥೆ ಸೇರಿಸುವಂತೆ, ಪಿಟಿ ಮೇಷ್ಟ್ರ ಏಟಿನ ಕಥೆಯೂ ಸಮ್ಮಿಲನದಿಂದ ಸಮ್ಮಿಲನಕ್ಕೆ ಬೆಳೆಯುತ್ತದೆ. ಕೊನೆಗೆ ಅಂದು ಶಾಲೆಗೇ ಬಾರದವನೂ ‘ನಾನು ಕಣ್ಣಾರೆ ಕಂಡೆ’ ಎನ್ನುತ್ತಾನೆ, ಹಾಗೆಂದು ನಂಬಿಯೂ ಇರುತ್ತಾನೆ.

ಯಾರು ಏನಾದರು?

ಸಮ್ಮಿಲನದಲ್ಲಿ ಬಾಯಿಬಿಟ್ಟು ಕೇಳದಿದ್ದರೂ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ಒಂದು ಬ್ಯಾಚನ್ನು ಜೀವನವಿಡೀ ಹಿಂಬಾಲಿಸಿ ನೋಡಿದ ಅಧ್ಯಯನಗಳಿವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಹೈಸ್ಕೂಲು ಮುಗಿಸಿದವರಲ್ಲಿ 10,317 ಜನರನ್ನು ಆರಿಸಿಕೊಂಡು ಅವರ ಓದು, ಉದ್ಯೋಗ, ಮದುವೆ, ಆರೋಗ್ಯವನ್ನು ದಶಕಗಟ್ಟಲೆ ದಾಖಲಿಸಿದ್ದಾರೆ. ಇದನ್ನು ಬೆಳೆಸಿದ ಸಮಾಜವಿಜ್ಞಾನಿ ವಿಲಿಯಂ ಸೀವೆಲ್ ಮತ್ತು ಸಂಗಡಿಗರು ಕಂಡುಕೊಂಡ ಒಂದು ಮುಖ್ಯ ಸಂಗತಿ: ಹುಡುಗರು ಮುಂದೆ ಎಷ್ಟು ಓದುತ್ತಾರೆ ಎಂಬುದನ್ನು ಬುದ್ಧಿಶಕ್ತಿ, ಮನೆಯ ಸ್ಥಿತಿಗತಿ ಮಾತ್ರ ನಿರ್ಧರಿಸುವುದಿಲ್ಲ. ತಂದೆತಾಯಿ, ಶಿಕ್ಷಕರ ಒತ್ತಾಸೆಯ ಜೊತೆಗೆ ಹತ್ತಿರದ ಗೆಳೆಯರು ಮುಂದೆ ಓದಲು ಹೊರಟಿದ್ದರೇ ಎಂಬುದೂ ತೂಗುತ್ತದೆ. ಪಕ್ಕದ ಬೆಂಚಿನವರ ಕನಸು ನಮ್ಮ ಬದುಕಿಗೂ ಒಂದಿಷ್ಟು ದಾರಿ ತೋರಿರುತ್ತದೆ.

ಸ್ಕಾಟ್ಲೆಂಡಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. 1932ರ ಜೂನ್ 1ರಂದು ಅಲ್ಲಿನ ಶಾಲೆಗಳಲ್ಲಿದ್ದ 11 ವರ್ಷದ ಬಹುತೇಕ ಎಲ್ಲ ಮಕ್ಕಳಿಗೆ, ಒಟ್ಟು 87,498 ಮಂದಿಗೆ, ಒಂದೇ ಬುದ್ಧಿಪರೀಕ್ಷೆ ಕೊಟ್ಟಿದ್ದರು. ಆ ದಾಖಲೆಗಳು ದಶಕಗಟ್ಟಲೆ ಮೂಲೆಯಲ್ಲಿದ್ದವು. ಇಯಾನ್ ಡೀರಿ ಮತ್ತು ಲಾರೆನ್ಸ್ ವ್ಯಾಲಿ ಅವನ್ನು ಹೊರತೆಗೆದು, ಅಂದು ಬರೆದವರಲ್ಲಿ ಸಿಕ್ಕವರನ್ನು 1998ರ ಜೂನ್ 1ರಂದು ಅಬರ್ಡೀನ್ ನಗರದ ಸಭಾಂಗಣಕ್ಕೆ ಕರೆದು ಅದೇ ಪ್ರಶ್ನೆಪತ್ರಿಕೆ ಕೊಟ್ಟರು. 66 ವರ್ಷದ ಅಂತರದ ಎರಡು ಅಂಕಗಳ ನಡುವೆ 0.63ರಷ್ಟು ಹೊಂದಾಣಿಕೆ ಕಂಡಿತು. ಪೂರ್ತಿ ಹೊಂದಿದ್ದರೆ ಅದು 1 ಆಗುತ್ತಿತ್ತು, ಸಂಬಂಧವೇ ಇಲ್ಲದಿದ್ದರೆ ಸೊನ್ನೆ. ಅಂದರೆ ಬಾಲ್ಯದ ಚುರುಕು ಗಣನೀಯವಾಗಿ ಉಳಿದಿತ್ತು, ಆದರೆ ಏರುಪೇರಿಗೂ ಸಾಕಷ್ಟು ಜಾಗವಿತ್ತು. ಹಿಂದಿನ ಬೆಂಚಿನವನು ಮುಂದೆ ಬಂದದ್ದು, ಫಸ್ಟ್ ರ‍್ಯಾಂಕಿನವನು ಹಿಂದೆ ಸರಿದದ್ದು ಆ ಜಾಗದಲ್ಲಿಯೇ.

ಕರೆ ಮಾಡಲು ಹಿಂಜರಿಕೆ ಯಾಕೆ?

ನಂಬರು ಇದೆ, ಮನಸ್ಸೂ ಇದೆ, ಆದರೂ ಕೈ ಹೋಗುವುದಿಲ್ಲ. ಇಷ್ಟು ವರ್ಷದ ಮೇಲೆ ಏನಂದುಕೊಳ್ಳುತ್ತಾರೋ, ಸಹಾಯ ಕೇಳಲು ಬಂದೆ ಎಂದುಕೊಂಡರೆ? ಲಾರಾ ಅಕ್ನಿನ್ ಮತ್ತು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ 2024ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಳೆಯ ಗೆಳೆಯರಿಗೆ ಸಂದೇಶ ಬರೆಯಲು ಸಮಯ ಕೊಟ್ಟು, ವಿಳಾಸವಿದ್ದವರನ್ನೇ, ಮಾತಾಡುವ ಆಸೆ ಇದ್ದವರನ್ನೇ ಆರಿಸಿದ್ದರೂ ನಿಜವಾಗಿ ಕಳಿಸಿದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಹಳೆಯ ಗೆಳೆಯರನ್ನು ಮಾತಾಡಿಸಲು ಜನ ಹಿಂಜರಿಯುವುದು ಅಪರಿಚಿತರನ್ನು ಮಾತಾಡಿಸಲು ಹಿಂಜರಿದಷ್ಟೇ ಎಂದೂ ಅವರು ಕಂಡರು. ಆ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಪೆಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ತೋರಿಸಿದಂತೆ, ಸಂದೇಶ ಬಂದವರಿಗೆ ಆಗುವ ಸಂತೋಷವನ್ನು ಕಳಿಸುವವರು ಕಡಿಮೆಯಾಗಿ ಅಂದಾಜು ಮಾಡುತ್ತಾರೆ. ಕರೆ ನಿರೀಕ್ಷಿಸದೆ ಬಂದಷ್ಟೂ ಸಂತೋಷ ಹೆಚ್ಚು.

ಬಿಟ್ಟುಹೋದ ಸ್ನೇಹ ಸತ್ತುಹೋದ ಸ್ನೇಹವಲ್ಲ ಎಂಬುದಕ್ಕೆ ಆಡಳಿತಶಾಸ್ತ್ರದಲ್ಲೂ ಸಾಕ್ಷಿಯಿದೆ. ಡೇನಿಯಲ್ ಲೆವಿನ್ ತಂಡ 2011ರಲ್ಲಿ ಕಂಪನಿಗಳ ಅಧಿಕಾರಿಗಳಿಗೆ, ಕನಿಷ್ಠ ಮೂರು ವರ್ಷ ಮಾತು ಬಿಟ್ಟಿದ್ದ ಪರಿಚಿತರ ಬಳಿ ಕೆಲಸದ ಸಲಹೆ ಕೇಳಲು ಹೇಳಿತು. ಈಗಿನ ಒಡನಾಡಿಗಳಿಗಿಂತ ಅವರಿಂದ ಹೊಸ ವಿಚಾರಗಳು ಹೆಚ್ಚು ಸಿಕ್ಕವು, ಗಟ್ಟಿ ಸ್ನೇಹವಿದ್ದವರಲ್ಲಿ ಹಳೆಯ ನಂಬಿಕೆಯೂ ಉಳಿದಿತ್ತು. ಒಂದೇ ತರಗತಿಯಲ್ಲಿ ಕಲಿತು ಬೇರೆ ಬೇರೆ ಬದುಕಿಗೆ ಹೋದವರಿಗೆ ಈ ಎರಡು ಗುಣಗಳೂ ಇರುತ್ತವೆ.

ಇನ್ನು ನೀವು ಮಾಡಬಹುದಾದ ಎರಡು ಕೆಲಸಗಳಿವೆ. ಮೊದಲನೆಯದು, ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಲ್ಲದವರನ್ನು ಹುಡುಕುವುದು. ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯರು, ಹತ್ತನೇ ತರಗತಿ ದಾಟದೆ ದುಡಿಮೆಗೆ ಹೋದವರು ಈ ಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುತ್ತಾರೆ. ಎರಡನೆಯದು, ಶಾಲೆಯ ಗ್ರೂಪ್ ಫೋಟೊ ಹುಡುಕಿ ತೆಗೆದು, ಪ್ರತಿಯೊಬ್ಬರೂ ಬೇರೆ ಬೇರೆ ಕೂತು ನೆನಪಾದ ಹೆಸರುಗಳನ್ನು ಬರೆದು, ಆಮೇಲೆ ಪಟ್ಟಿಗಳನ್ನು ಒಟ್ಟು ಸೇರಿಸುವುದು. ಮುಖಗಳು ಇನ್ನೂ ಹಲವು ವರ್ಷ ನಿಮ್ಮೊಳಗೆ ಇರುತ್ತವೆ, ಹೆಸರುಗಳು ಅಷ್ಟು ಕಾಯುವುದಿಲ್ಲ. ಈ ಭಾನುವಾರವೇ ಬರೆದಿಡಿ.