ವಿನೋದೋದ್ಯಾನದಿಂದ ಆಚೆಗೆ

ಪರೀಕ್ಷೆ ಮುಗಿದು ರಜೆ ಬಂದಿತೆಂದರೆ ಮನೆಮನೆಯಲ್ಲಿಯೂ ಏಳುವ ಮೊದಲ ಪ್ರಶ್ನೆ ‘ಎಲ್ಲಿಗೆ ಹೋಗೋಣ?’ ಎಂಬುದು. ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವಿರಲಿಲ್ಲ. ಅಜ್ಜಿಯ ಊರಿತ್ತು, ಊರಿನ ಜಾತ್ರೆಯಿತ್ತು, ಹರಕೆ ತೀರಿಸಬೇಕಾದ ದೇವರು ಯಾವುದೋ ಬೆಟ್ಟದ ಮೇಲೆ ನಮಗಾಗಿ ಕಾದಿರುತ್ತಿದ್ದನು. ಈಗ ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಮ್ಮ ಅತ್ತಿಗುಪ್ಪೆಯ ಮಕ್ಕಳನ್ನು ಕೇಳಿ ನೋಡಿದರೆ, ಬಹುಮಂದಿ ಒಂದೇ ಉಸಿರಿನಲ್ಲಿ ವಿನೋದೋದ್ಯಾನದ ಹೆಸರು ಹೇಳುತ್ತಾರೆ. ನೀರಿನ ಜಾರುಬಂಡೆ, ಆಕಾಶಕ್ಕೆ ಎತ್ತಿ ಕೆಳಗೆ ಎಸೆಯುವಂತೆ ತೂಗುವ ತೊಟ್ಟಿಲು, ಬಣ್ಣಬಣ್ಣದ ದೀಪ – ಇವೇ ಅವರ ಪಾಲಿಗೆ ಪ್ರವಾಸ.

ಇದನ್ನು ತಪ್ಪೆನ್ನುವವನು ನಾನಲ್ಲ. ಮೈಸೂರು ರಸ್ತೆಯ ಬಿಡದಿಯ ಬಳಿ 2005ರಲ್ಲಿ ‘ವಂಡರ್‌ಲಾ’ ಆರಂಭವಾದ ಮೇಲೆ ಮೊಮ್ಮಕ್ಕಳೊಡನೆ ನಾನೂ ಒಮ್ಮೆ ಹೋಗಿದ್ದೇನೆ; ತಿರುಗುವ ರಾಟೆಯಲ್ಲಿ ಕುಳಿತು, ಅಧ್ಯಾಪಕನೆಂಬ ಗಾಂಭೀರ್ಯವನ್ನು ಮರೆತು ಕೂಗಿಯೂ ಇದ್ದೇನೆ. ಆದರೆ ಅಲ್ಲಿನ ಸಂತೋಷಕ್ಕೆ ಒಂದು ಲಕ್ಷಣವುಂಟು. ಅಲ್ಲಿ ಎಲ್ಲವನ್ನೂ ನಮಗಾಗಿ ಮೊದಲೇ ಸಿದ್ಧಪಡಿಸಿರುತ್ತಾರೆ. ಗುಂಡಿ ಒತ್ತಿದರೆ ಅಲೆ ಏಳುತ್ತದೆ, ಮತ್ತೊಮ್ಮೆ ಒತ್ತಿದರೆ ಅಡಗುತ್ತದೆ. ನೋಡುವವನು ಬಂದರೂ ಬಾರದಿದ್ದರೂ ತನ್ನ ಪಾಡಿಗೆ ತಾನು ನಡೆಯುತ್ತಿರುವ ವಸ್ತು ಅಲ್ಲಿ ಒಂದೂ ಇಲ್ಲ.

ಇಂತಹ ಉದ್ಯಾನಗಳಿಗೆ ಜಗತ್ತಿನಲ್ಲಿಯೇ ಹೆಸರಾದ ದೇಶ ಅಮೆರಿಕ. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ ಬಾಗಿಲು ತೆರೆದುದು 1955ರಲ್ಲಿ. ಆದರೆ ಅದಕ್ಕೆ ಎಂಬತ್ತಮೂರು ವರ್ಷ ಮೊದಲೇ, 1872ರಲ್ಲಿ, ಅದೇ ದೇಶದವರು ಯೆಲ್ಲೋಸ್ಟೋನ್ ಎಂಬ ವಿಶಾಲವಾದ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿ, ಅದನ್ನು ಯಾರೂ ಕೊಳ್ಳದಂತೆ, ಕಡಿಯದಂತೆ ಕಾಯ್ದಿರಿಸಿದರು. ಅಲ್ಲಿ ನೆಲದೊಳಗಿನಿಂದ ಕುದಿನೀರು ಕಂಬದಂತೆ ಚಿಮ್ಮುವ ಬುಗ್ಗೆಯೊಂದಿದೆ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಚಿಮ್ಮುತ್ತದೆ. ಅದಕ್ಕೆ ಗುಂಡಿಯಿಲ್ಲ. ಜನರು ಸುತ್ತ ಕುಳಿತು ಕಾಯುತ್ತಾರೆ. ಅಮೆರಿಕದಲ್ಲಿ ನೆಲಸಿರುವ ನನ್ನ ಸೋದರಳಿಯನು ಮಕ್ಕಳೊಡನೆ ಅಲ್ಲಿಗೆ ಹೋಗಿ ಬಂದು, ‘ಮಾವ, ಡಿಸ್ನಿಯಲ್ಲಿ ನಾಲ್ಕು ದಿನ ಕಳೆದೆವು, ಆದರೆ ಮಕ್ಕಳು ಈಗಲೂ ಮಾತನಾಡುವುದು ಆ ಬಿಸಿನೀರಿನ ಬುಗ್ಗೆಯ ವಿಷಯವನ್ನೇ’ ಎಂದು ಬರೆದಿದ್ದನು. ಅದನ್ನು ಓದಿದಾಗ, ಅಷ್ಟು ದೂರ ಹೋಗಲಾರದ ನಮ್ಮ ಮಕ್ಕಳಿಗೆ ಕಾದು ನೋಡುವಂಥದು ಹತ್ತಿರದಲ್ಲಿ ಏನಿದೆ ಎಂದು ಯೋಚಿಸಿದೆನು. ಉತ್ತರ ನಮ್ಮ ಮನೆಯ ಮುಂದಿನ ದಾರಿಯಲ್ಲಿಯೇ ಇತ್ತು. ಅದನ್ನು ಕಾಣುವುದಕ್ಕೆ ಒಂದು ಅಹಿತಕರ ಪ್ರಸಂಗ ಬೇಕಾಯಿತು.

2016ರ ಆರಂಭದಲ್ಲಿ, ನಾನಿನ್ನೂ ಸೇವೆಯಲ್ಲಿದ್ದಾಗ, ಒಂಬತ್ತನೆಯ ತರಗತಿಯ ಪ್ರವಾಸಕ್ಕೆ ವಿನೋದೋದ್ಯಾನವೊಂದನ್ನು ಗೊತ್ತುಮಾಡಿದ್ದೆವು. ಹಣ ಕಟ್ಟುವ ಕೊನೆಯ ದಿನ ಹನ್ನೊಂದು ಮಕ್ಕಳು ಬರುವುದಿಲ್ಲವೆಂದರು. ಒಬ್ಬನಿಗೆ ಮದುವೆಯ ನೆಪ, ಒಬ್ಬಳಿಗೆ ಅಜ್ಜಿಯ ಕಾಯಿಲೆ, ಇನ್ನೊಬ್ಬನಿಗೆ ಮುಂದಿನ ವಾರ ಬರಲಿರುವ ಜ್ವರ! ಜ್ವರ ಬರುವ ದಿನ ಮೊದಲೇ ತಿಳಿದಿರುವುದು ಹೇಗೆಂದು ನಾನು ಕೇಳಲಿಲ್ಲ. ಟಿಕೆಟ್ಟಿನ ಹಣವೇ ಕಾರಣವೆಂಬುದು ಎಲ್ಲರಿಗೂ ಗೊತ್ತಿತ್ತು. ತರಗತಿಯ ನಾಲ್ಕನೆಯ ಒಂದು ಭಾಗವನ್ನು ಮನೆಯಲ್ಲಿ ಬಿಟ್ಟು ಹೋಗುವ ಪ್ರವಾಸ ಎಂತಹ ಪ್ರವಾಸ? ನಾವು ಗೊತ್ತುಮಾಡಿದ್ದನ್ನು ಬಿಟ್ಟು, ಸರ್ಕಾರಿ ಬಸ್ಸೊಂದನ್ನು ಬಾಡಿಗೆಗೆ ಹಿಡಿದು, ಫೆಬ್ರವರಿಯ ಒಂದು ಶನಿವಾರ ಬೆಳಗಿನ ಆರು ಗಂಟೆಗೆ ಕೊಕ್ಕರೆಬೆಳ್ಳೂರಿಗೆ ಹೊರಟೆವು. ಹನ್ನೊಂದು ಮಂದಿಯೂ ಬಂದಿದ್ದರು. ಆದರೆ ಉದ್ಯಾನ ತಪ್ಪಿತೆಂದು ಉಳಿದವರಲ್ಲಿ ಕೆಲವರ ಮುಖ ಊದಿಕೊಂಡಿತ್ತು, ಅದನ್ನೂ ಹೇಳಬೇಕು.

ಅತ್ತಿಗುಪ್ಪೆಯಿಂದ ನಾಯಂಡಹಳ್ಳಿ, ಕೆಂಗೇರಿ ದಾಟಿದರೆ ಬಲಗಡೆಗೆ ದೊಡ್ಡ ಆಲದ ಮರದ ದಾರಿ ಒಡೆಯುತ್ತದೆ. ಕೇತೋಹಳ್ಳಿಯ ಆ ಮರಕ್ಕೆ ಸುಮಾರು ನಾನೂರು ವರ್ಷ ವಯಸ್ಸೆಂದು ಹೇಳುತ್ತಾರೆ. ಮೂಲಕಾಂಡ ರೋಗದಿಂದ ಅಳಿದುಹೋಗಿದ್ದರೂ ಬಿಳಲುಗಳೇ ಕಾಂಡಗಳಾಗಿ ಮರ ಸುಮಾರು ಮೂರು ಎಕರೆಯಲ್ಲಿ ಹಬ್ಬಿ ನಿಂತಿದೆ. ಬಿಡದಿ ಕಳೆದ ಮೇಲೆ ರಾಮನಗರದ ಬಂಡೆಬೆಟ್ಟಗಳು ಎದುರಾಗುತ್ತವೆ. ‘ಶೋಲೆ’ ಚಲನಚಿತ್ರ ಇಲ್ಲಿ ತಯಾರಾಯಿತೆಂಬುದು ಮಕ್ಕಳಿಗೆ ಗೊತ್ತಿತ್ತು. ಈ ಬಂಡೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಷ್ಟೆಂಬುದು ಗೊತ್ತಿರಲಿಲ್ಲ. ಇಲ್ಲಿಯ ರಾಮದೇವರ ಬೆಟ್ಟದ ಬಿರುಕುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ನೋವು ಕಳೆಯಲೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ, ದೇಶದ ಎಲ್ಲೆಡೆ ಅವುಗಳ ಕುಲವನ್ನೇ ಬಹುಮಟ್ಟಿಗೆ ಅಳಿಸಿಹಾಕಿತು. 2006ರಲ್ಲಿ ಆ ಔಷಧಿಯನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟ ರಣಹದ್ದು ಧಾಮವಾಯಿತು. ಆ ದಿನ ನಮ್ಮ ಕಣ್ಣಿಗೆ ಒಂದು ಹದ್ದೂ ಬೀಳಲಿಲ್ಲ.

ರಾಮನಗರ, ಚನ್ನಪಟ್ಟಣಗಳನ್ನು ಹಿಂದಿಕ್ಕಿ, ಹೆದ್ದಾರಿಯಿಂದ ಎಡಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ಹೋದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಊರಿನಿಂದ ಸ್ವಲ್ಪ ದೂರದಲ್ಲಿ ಶಿಂಷಾ ನದಿ ಹರಿಯುತ್ತದೆ. ಇಲ್ಲಿ ಬೇಲಿಯಿಲ್ಲ, ಪಂಜರವಿಲ್ಲ. ಸಾಮಾನ್ಯವಾದ ಒಂದು ಹಳ್ಳಿ; ಹೆಂಚಿನ ಮನೆಗಳು, ಹುಲ್ಲಿನ ಬಣವೆಗಳು, ಕಟ್ಟಿದ ಎಮ್ಮೆಗಳು. ತಲೆಯೆತ್ತಿ ನೋಡಿದರೆ ಮಾತ್ರ ಬೆರಗಾಗುತ್ತದೆ. ಮನೆಯ ಹಿತ್ತಿಲಿನ ಹುಣಸೆಮರಗಳ ತುಂಬ, ಬೀದಿಯ ಅರಳಿಮರಗಳ ತುಂಬ ಕಡ್ಡಿಗೂಡುಗಳು. ಗೂಡುಗಳ ತುಂಬ ದೊಡ್ಡ ದೊಡ್ಡ ಹಕ್ಕಿಗಳು. ಗಂಟಲಿನ ಕೆಳಗೆ ಚೀಲವನ್ನು ಇಳಿಬಿಟ್ಟ ಬೂದುಬಣ್ಣದ ಹೆಜ್ಜಾರ್ಲೆ ಒಂದು. ಹಳದಿಯ ಕೊಕ್ಕು, ಗುಲಾಬಿಯ ಛಾಯೆಯ ರೆಕ್ಕೆಯಂಚಿನ ಬಣ್ಣದ ಕೊಕ್ಕರೆ ಇನ್ನೊಂದು. ಹೆಜ್ಜಾರ್ಲೆಗಳು ಮಳೆಗಾಲ ಕಳೆಯುತ್ತಿದ್ದಂತೆ ಬರತೊಡಗುತ್ತವೆ, ಕೊಕ್ಕರೆಗಳು ಅನಂತರ. ಬೇಸಿಗೆ ಮುಗಿಯುವುದರೊಳಗೆ ಮರಿಗಳೊಡನೆ ಹೊರಟುಹೋಗುತ್ತವೆ.

ಹಕ್ಕಿಗಳು ಊರಿನ ನಡುವೆ ಗೂಡುಕಟ್ಟುವುದು ಕೇಳುವುದಕ್ಕೆ ಸೊಗಸು. ಅವುಗಳ ಕೆಳಗೆ ಬಾಳುವುದು ಅಷ್ಟು ಸುಲಭವಲ್ಲ. ಹಿಕ್ಕೆ ಅಂಗಳಕ್ಕೆ ಬೀಳುತ್ತದೆ. ಮರಿಗಳಿಗೆ ತಂದ ಮೀನು ಜಾರಿ ಬಿದ್ದು ನಾರುತ್ತದೆ. ಹಕ್ಕಿ ಕುಳಿತ ಹುಣಸೆಮರದ ಫಸಲು ಕುಗ್ಗುತ್ತದೆ, ಕಾಯಿ ಬಡಿಯಲೂ ಆಗುವುದಿಲ್ಲ. ಹುಣಸೆಹಣ್ಣು ಆ ಊರಿನವರಿಗೆ ಹಣದ ಬೆಳೆಯೆಂಬುದನ್ನು ನೆನೆದರೆ ನಷ್ಟ ಎಷ್ಟೆಂದು ತಿಳಿದೀತು. ಮರದ ಒಡೆಯರಿಗೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುವ ಕ್ರಮವಿದೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವಾಗುವುದೂ ಉಂಟು. ಆದರೆ ಲಾಭನಷ್ಟದ ಲೆಕ್ಕವೊಂದರಿಂದಲೇ ಈ ಹಕ್ಕಿಗಳು ಉಳಿದಿಲ್ಲ. ಬಹಳ ಹಿಂದೆ ಪ್ಲೇಗು ಬಂದು ಊರು ನದಿಯ ದಡದಿಂದ ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಬೆನ್ನಹಿಂದೆಯೇ ಬಂದುವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಮಗುವೊಂದು ‘ಇವು ಗಲೀಜು ಮಾಡೋಲ್ವಾ ಅಜ್ಜಿ?’ ಎಂದು ಕೇಳಿದಾಗ, ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ವೃದ್ಧೆಯೊಬ್ಬರು ಕೈ ನಿಲ್ಲಿಸದೆಯೇ, ‘ಮಾಡ್ತವೆ ಕಣವ್ವ. ಬಾಣಂತನಕ್ಕೆ ಬಂದ ಹೆಣ್ಮಕ್ಕಳು ತವರಲ್ಲಿ ಗಲೀಜು ಮಾಡಿದ್ರೆ ಆಚೆಗೆ ಅಟ್ಟಕಾಯ್ತದಾ?’ ಎಂದರು. ಆ ಊರಿನಲ್ಲಿ ಇದು ಎಲ್ಲರ ಬಾಯಲ್ಲಿರುವ ಮಾತು.

ಎತ್ತರದ ಗೂಡಿನಿಂದ ಮರಿಗಳು ಕೆಲವೊಮ್ಮೆ ಕೆಳಗೆ ಬೀಳುತ್ತವೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ. ನಾಯಿಯ ಪಾಲಾಗಬೇಕಾದ ಇಂತಹ ಮರಿಗಳನ್ನು ಎತ್ತಿ ಸಾಕುವ ಕೆಲಸವನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಕೈಗೊಂಡಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಸಂಘವೊಂದು ಅವರಿಗೆ ಜೊತೆಯಾಯಿತು. ಬೇಲಿ ಕಟ್ಟಿದ ಸಣ್ಣ ಆವರಣದಲ್ಲಿ ಮರಿಗಳನ್ನಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತಾರೆ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ನಾವು ಹೋದ ದಿನ ಆವರಣದಲ್ಲಿ ಮೂರು ಮರಿಗಳಿದ್ದವು. ಜ್ವರ ಬರಲಿದ್ದ ನಮ್ಮ ಹುಡುಗ ಆ ಬೇಲಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತವನು, ಊಟಕ್ಕೆ ಕರೆದರೂ ಏಳಲಿಲ್ಲ. ಮರಿ ತನ್ನ ತಲೆಗಿಂತ ದೊಡ್ಡದಾದ ಬಾಯನ್ನು ತೆರೆದು ಇಡೀ ಮೀನನ್ನು ನುಂಗುವುದನ್ನು ನೋಡಲು ಅವನು ಒಂದು ಗಂಟೆಗೂ ಹೆಚ್ಚು ಹೊತ್ತು ಕಾದನು. ಮುಖ ಊದಿಸಿಕೊಂಡಿದ್ದವರೂ ಅಷ್ಟರಲ್ಲಿ ಒಂದೊಂದು ಮರಕ್ಕೆ ಎಷ್ಟು ಗೂಡೆಂದು ಪಂಥ ಕಟ್ಟಿ ಎಣಿಸುತ್ತಿದ್ದರು.

ಮಧ್ಯಾಹ್ನ ಹಿಂದಿರುಗುವಾಗ ಚನ್ನಪಟ್ಟಣದಲ್ಲಿ ಆಟಿಕೆ ಮಾಡುವವರ ಮನೆಯೊಂದರ ಮುಂದೆ ನಿಂತೆವು. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಕಣ್ಣುಮುಚ್ಚಿ ತೆರೆಯುವುದರೊಳಗೆ ಬುಗುರಿಯೊಂದು ಸಿದ್ಧ. ಸಂಜೆ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೂ ಹೋಗಿದ್ದೆವು. ಅಲ್ಲಿನ ಏತ, ಗಾಣ, ರಾಗಿಕಲ್ಲುಗಳ ವಿಷಯ ಬರೆದರೆ ಅದೇ ಇನ್ನೊಂದು ಪಾಠವಾದೀತು. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಮೈಸೂರಿಗೆ ಹೋಗುವವರ ವಾಹನಗಳು ಈ ಊರುಗಳ ಹೊರಗಿನಿಂದಲೇ ಓಡುತ್ತವೆ. ಬೇಗ ತಲುಪುತ್ತೇವೆ, ನಿಜ. ಬುಗುರಿಯನ್ನು ಕಾಣಬೇಕಾದರೆ ಮಾತ್ರ ಹಳೆಯ ದಾರಿಗೆ ಇಳಿಯಬೇಕು.

ನಾವು ಹೋಗಿಬಂದ ಎರಡು ವರ್ಷಗಳೊಳಗೆ ಕೊಕ್ಕರೆಬೆಳ್ಳೂರಿನಿಂದ ಕೆಟ್ಟ ಸುದ್ದಿ ಬಂದಿತು. 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ಹುಳುಗಳು ತುಂಬಿದ್ದುದು ಕಂಡುಬಂದಿತು. ಆ ಹುಳುಗಳು ಬರುವುದು ಹಕ್ಕಿಗಳು ತಿನ್ನುವ ಮೀನಿನಿಂದ. ಆದುದರಿಂದ ಸುತ್ತಲಿನ ಕೆರೆಗಳ ಮಲಿನವಾದ ನೀರಿನ ಮೇಲೆ ಎಲ್ಲರ ಅನುಮಾನ ಹೋಯಿತು. ಊರಿನವರು ಹುಣಸೆಹಣ್ಣಿನ ಆಸೆಯನ್ನು ಬಿಡಬಲ್ಲರು, ಬಿದ್ದ ಮರಿಯನ್ನು ಎತ್ತಬಲ್ಲರು. ಆದರೆ ಹಕ್ಕಿ ಹಾರಿಹೋಗಿ ಮೀನು ಹಿಡಿಯುವ ಹತ್ತಾರು ಕೆರೆಗಳನ್ನು ಒಂದು ಊರು ಕಾಯುವುದು ಹೇಗೆ?

ನೀರಿನ ಮಾತು ಬಂದುದರಿಂದ ಆ ದಿನದ ಕೊನೆಯ ಸಂಗತಿಯೊಂದನ್ನು ಹೇಳಬೇಕು. ಕತ್ತಲಾಗುವ ಹೊತ್ತಿಗೆ ಬಸ್ಸು ಕೆಂಗೇರಿಯನ್ನು ದಾಟಿತು. ರಸ್ತೆಯ ಪಕ್ಕದಲ್ಲಿ ಹರಿಯುವ ವೃಷಭಾವತಿಯ ನಾತಕ್ಕೆ ಮಕ್ಕಳೆಲ್ಲ ಕಿಟಕಿಗಳನ್ನು ಎಳೆದುಕೊಂಡು ಮೂಗು ಮುಚ್ಚಿಕೊಂಡರು. ‘ಸಾರ್, ಈ ಮೋರಿ ಎಲ್ಲಿಗೆ ಹೋಗುತ್ತೆ?’ ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ಇದು ಮೋರಿಯಲ್ಲ, ಹೊಳೆ. ನಮ್ಮ ಅತ್ತಿಗುಪ್ಪೆಯ ಬಚ್ಚಲುಗಳ ನೀರೂ ಇದಕ್ಕೇ ಸೇರುತ್ತದೆ ಎಂದೆನು. ಅಲ್ಲಿಂದ ಅದು ಬಿಡದಿಯ ಹತ್ತಿರದ ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಗೆ ಕೂಡಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ ಎಂದು ದಾರಿಯನ್ನು ವಿವರಿಸಿದೆನು. ‘ಸಂಗಮಕ್ಕೆ ಹೋದ ಸಲ ನಾವೆಲ್ಲ ಹೋಗಿ ಸ್ನಾನ ಮಾಡಿದ್ದೆವಲ್ಲ ಸಾರ್!’ ಎಂದು ಇನ್ನೊಬ್ಬನು ಕೂಗಿದನು. ಬಸ್ಸಿನಲ್ಲಿ ನಗು ಎದ್ದಿತು. ಬೇಗನೆ ನಿಂತೂ ಹೋಯಿತು. ಎಳೆದುಕೊಂಡ ಕಿಟಕಿಗಳಲ್ಲಿ ಎರಡು ಮೂರು ಮತ್ತೆ ತೆರೆದುಕೊಂಡವು. ಆ ಮಕ್ಕಳು ಕತ್ತಲಲ್ಲಿ ಬಗ್ಗಿ ಹೊಳೆಯನ್ನು ಹುಡುಕುತ್ತಿದ್ದರು.

ಮರುವರ್ಷ ಹತ್ತನೆಯ ತರಗತಿಗೆ ಬಂದಾಗ ಪ್ರವಾಸಕ್ಕೆ ಸ್ಥಳ ಆರಿಸುವ ಕೆಲಸವನ್ನು ಅವರಿಗೇ ಬಿಟ್ಟೆವು. ಬೈರಮಂಗಲದ ಕೆರೆಯಿಂದ ಸಂಗಮದವರೆಗೆ, ನೀರು ಹೋಗುವ ದಾರಿಯಲ್ಲಿಯೇ ಹೋಗಬೇಕೆಂದು ಅವರು ಪಟ್ಟಿ ಬರೆದು ತಂದರು.