ದವಡೆಗೆ ಎಲುಬನ್ನಿತ್ತ ಕಾಲು

ಮೊಣಕಾಲಿನಿಂದ ಹರಡಿನವರೆಗೆ ನಮ್ಮ ಕಾಲಿನಲ್ಲಿ ಎರಡು ಎಲುಬುಗಳಿರುವುವು. ಒಳಗಡೆಯ ದಪ್ಪನಾದುದು ಟಿಬಿಯ. ಹೊರಗಡೆಯ ತೆಳ್ಳನೆಯದು ಫಿಬ್ಯುಲ. ದೇಹದ ಭಾರವನ್ನು ಬಹುಮಟ್ಟಿಗೆ ಟಿಬಿಯವೇ ಹೊರುವುದರಿಂದ, ಫಿಬ್ಯುಲದ ನಡುಭಾಗವನ್ನು ತೆಗೆದರೂ ಮನುಷ್ಯನು ನಡೆಯಬಲ್ಲನು. ಆಸ್ಟ್ರೇಲಿಯದ ಜಿ. ಇಯಾನ್ ಟೇಲರ್ ಮತ್ತು ಸಂಗಡಿಗರು ಈ ಎಲುಬನ್ನು ರಕ್ತನಾಳಸಹಿತವಾಗಿ ಬೇರೆಡೆಗೆ ಕಸಿಮಾಡಿದ ವಿವರವನ್ನು 1975ರಲ್ಲಿ ಪ್ರಕಟಿಸಿದರು. 1989ರಲ್ಲಿ ಅಮೆರಿಕದ ಡೇವಿಡ್ ಹಿಡಾಲ್ಗೊ ಅದರಿಂದ ಕೆಳದವಡೆಯನ್ನು ಕಟ್ಟುವ ಕ್ರಮವನ್ನು ವಿವರಿಸಿದರು. ಹೊಗೆಸೊಪ್ಪು, ಅಡಕೆಗಳ ಚಟದಿಂದ ಬಾಯಿಯ ಕ್ಯಾನ್ಸರ್ ನಮ್ಮ ದೇಶದಲ್ಲಿ ಬಹಳವಾಗಿರುವ ಕಾರಣ, ಈ ಚಿಕಿತ್ಸೆಯ ವಿಚಾರವನ್ನು ನಾವೂ ಅರಿತಿರುವುದು ಒಳ್ಳೆಯದು.

ಶಸ್ತ್ರಕ್ರಿಯೆಯ ಬಳಿಕ ಮನೆಯವರ ಗಮನವೆಲ್ಲ ರೋಗಿಯ ಮುಖದ ಮೇಲಿರುವುದು ಸಹಜ. ಆದರೆ ಎಲುಬನ್ನು ಕೊಟ್ಟ ಕಾಲಿಗೂ ತೊಂದರೆಗಳುಂಟಾಗಬಹುದು.

ಹೆಬ್ಬೆರಳನ್ನು ಬಾಗಿಸುವ ಸ್ನಾಯುವು ಫಿಬ್ಯುಲದ ಹಿಂಬದಿಯಿಂದಲೇ ಹೊರಡುತ್ತದೆ. ಅದು ಪೆಟ್ಟುತಿಂದರೆ ಬೆರಳು ಬಲಗುಂದುವುದು. ಮಾಯುವಾಗ ಕುಗ್ಗಿದರೆ ಬೆರಳು ಕೆಳಮುಖವಾಗಿ ಮಡಿಚಿಕೊಂಡು, ಅದರ ತುದಿಯು ನೆಲಕ್ಕೊತ್ತಿ ನೋಯುವುದು. ಫಿಬ್ಯುಲದ ಮೇಲ್ತುದಿಯ ಬಳಿ ಒಂದು ನರವು ಸುತ್ತಿ ಹಾಯುತ್ತದೆ. ಅದಕ್ಕೆ ಘಾಸಿಯಾದರೆ ಪಾದವನ್ನು ಮೇಲೆತ್ತುವ ಶಕ್ತಿ ಕುಂದಿ ನಡೆಯುವಾಗ ಎಡವುವಂತಾಗುವುದು. ಪಾದದ ಮೇಲ್ಭಾಗವು ಜೋಮುಗಟ್ಟಿದರೆ, ಚಪ್ಪಲಿಯ ಪಟ್ಟಿ ಉಜ್ಜಿ ಗಾಯವಾದರೂ ತಿಳಿಯದು.

ಹರಡಿನ ಹೊರಗಡೆ ಕೈಗೆ ಸಿಗುವ ಉಬ್ಬು ಫಿಬ್ಯುಲದ ಕೆಳತುದಿಯೇ. ಕೀಲು ಭದ್ರವಾಗಿರಲೆಂದು ಅಲ್ಲಿ ಸುಮಾರು 6ರಿಂದ 8 ಸೆಂಟಿಮೀಟರಿನಷ್ಟು ಎಲುಬನ್ನು ಉಳಿಸುವರು. ಬೆಳೆಯುವ ಮಕ್ಕಳಲ್ಲಿ ಹರಡು ಹೊರಕ್ಕೆ ವಾಲುವ ಭಯ ಹೆಚ್ಚಾದುದರಿಂದ, ಉಳಿದ ತುಂಡನ್ನು ಟಿಬಿಯಕ್ಕೆ ತಿರುಪಿನಿಂದ ಬಿಗಿಯುವುದೂ ಉಂಟು. ಎಲುಬಿನೊಡನೆ ಒಂದು ಶುದ್ಧರಕ್ತನಾಳವೂ ಹೋಗುವುದರಿಂದ, ಉಳಿದೆರಡು ನಾಳಗಳು ಪಾದವನ್ನು ಪೋಷಿಸಬಲ್ಲವೇ ಎಂಬುದನ್ನು ವೈದ್ಯರು ಮೊದಲೇ ಪರೀಕ್ಷಿಸತಕ್ಕದ್ದು.

ಇವುಗಳಲ್ಲಿ ಹಲವು ತೊಂದರೆಗಳು ಕಾಲಕ್ರಮದಲ್ಲಿ ತಗ್ಗುವುವು. ಕುಳಿತಾಗ, ಮಲಗಿದಾಗ ಕಾಲನ್ನು ಎತ್ತರದಲ್ಲಿರಿಸಿದರೆ ಬಾವು ಇಳಿಯುವುದು. ವೈದ್ಯರ ಅಪ್ಪಣೆ ಪಡೆದು ಹೆಬ್ಬೆರಳನ್ನು ಕೈಯಿಂದ ಮೆಲ್ಲಗೆ ನೆಟ್ಟಗೆ ನೀವುತ್ತ ಬಂದರೆ ಅದು ಮಡಿಚಿಕೊಳ್ಳುವುದನ್ನು ಬಹುಮಟ್ಟಿಗೆ ತಡೆಯಬಹುದು. ಆದರೂ ಸೆಟೆದು ನಿಂತ ಬೆರಳಿಗೆ ಚಿಕ್ಕ ಶಸ್ತ್ರಕ್ರಿಯೆಯಿಂದ ಪರಿಹಾರವುಂಟು. ಮೀನಖಂಡದಲ್ಲಿ ತಡೆಯಲಾರದ ನೋವು, ಒಮ್ಮೆಲೇ ಬಾವು, ಬೆರಳುಗಳು ತಣ್ಣಗಾಗಿ ಬಿಳಿಚಿಕೊಳ್ಳುವುದು—ಇವು ಕಂಡಲ್ಲಿ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ವಿದ್ಯಾರ್ಥಿಗಳೇ, ಮನೆಯಲ್ಲಿ ಇಂತಹ ರೋಗಿಗಳಿದ್ದರೆ ಬೆರಳು ನೀವುವ ರೀತಿಯನ್ನು ವೈದ್ಯರಿಂದ ಕಲಿಯಿರಿ. ದಿನಕ್ಕೆ ಕೆಲವು ನಿಮಿಷಗಳ ಆ ಸೇವೆಯಿಂದ ಹಿರಿಯರು ಮತ್ತೆ ನೋವಿಲ್ಲದೆ ಹೊಲಕ್ಕೋ ಸಂತೆಗೋ ನಡೆದುಹೋಗುವಂತಾದೀತು.