ಔಷಧಿ ಎಂಬ ಹೆಸರಿನ ವಿಷ

‘ಬದನೆ ಗಿಡಕ್ಕೆ ಔಷಧಿ ಹೊಡೆಯಬೇಕು’ – ಹಳ್ಳಿಯ ಮನೆಗಳಲ್ಲಿ ದಿನವೂ ಕೇಳಿಬರುವ ಮಾತು. ಕಾಯಿಗೆ ಹುಳು ಬಿದ್ದರೆ ಔಷಧಿ, ಗುಲಾಬಿಗೆ ಹೇನು ಹತ್ತಿದರೆ ಔಷಧಿ. ಅಂಗಡಿಯಿಂದ ತಂದ ಆ ಶೀಶೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕೆಮ್ಮಿನ ಔಷಧಿಯ ಪಕ್ಕದಲ್ಲೇ ಕುಳಿತಿರುತ್ತದೆ. ಹೆಸರು ಔಷಧಿಯಾದರೂ ಒಳಗಿರುವುದು ವಿಷ.

ಈ ಮಾತನ್ನು ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಸಮೀಪದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರಲ್ಲಿ 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅನ್ನಕ್ಕೆ ಕೀಟನಾಶಕವನ್ನು ಬೇಕೆಂದೇ ಬೆರೆಸಲಾಗಿತ್ತು ಎಂದು ತನಿಖೆ ನಡೆಸಿದ ಪೊಲೀಸರು ಹೇಳಿದರು. ಪ್ರಸಾದದಿಂದ ಕೆಟ್ಟ ವಾಸನೆ ಬರುತ್ತಿತ್ತೆಂದು ಬದುಕಿ ಉಳಿದವರು ನೆನೆಸಿಕೊಂಡರು.

ಅದು ಅಪರಾಧ. ಆದರೆ ಅಜಾಗರೂಕತೆಯಿಂದ ಹೊಟ್ಟೆ ಸೇರಿದರೂ ವಿಷ ಮಾಡುವ ಕೆಲಸ ಒಂದೇ. 2013ರ ಜುಲೈನಲ್ಲಿ ಬಿಹಾರದ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮಾನೋಕ್ರೋಟೊಫಾಸ್ ಎಂಬ ಕೀಟನಾಶಕ ಇತ್ತೆಂಬುದು ಪ್ರಯೋಗಾಲಯದ ಪರೀಕ್ಷೆಯಲ್ಲಿ ತಿಳಿಯಿತು.

ದೇಹದೊಳಗೆ ಏನಾಗುತ್ತದೆ?

ಮಾನೋಕ್ರೋಟೊಫಾಸ್ ಆರ್ಗನೋಫಾಸ್ಫೇಟ್ ಗುಂಪಿಗೆ ಸೇರಿದ್ದು. ನಮ್ಮ ನರಗಳು ಸ್ನಾಯುಗಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಆಜ್ಞೆ ಕಳಿಸುತ್ತವೆ. ಕೆಲಸ ಮುಗಿದೊಡನೆ ಅದನ್ನು ಒಂದು ಕಿಣ್ವ ಒಡೆದುಹಾಕುತ್ತದೆ. ವಿಷವು ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಶಾಲೆಯ ವಿದ್ಯುತ್ ಗಂಟೆಯ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಹೇಗೋ, ಹಾಗೆ ಆಜ್ಞೆ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ವಾಂತಿ, ಭೇದಿ ಶುರುವಾಗುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಮೈ ಅದುರುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ. ಕೀಟ ಸಾಯುವುದೂ ಹೀಗೆಯೇ.

ಈ ವಿಷ ಬಾಯಿಂದಲೇ ಹೋಗಬೇಕೆಂದಿಲ್ಲ. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಸೇರುತ್ತದೆ. ಮಹಾರಾಷ್ಟ್ರದ ಯವತಮಾಳದಲ್ಲಿ 2017ರಲ್ಲಿ ಹತ್ತಿ ಹೊಲಕ್ಕೆ ಸಿಂಪಡಿಸುತ್ತಿದ್ದವರೇ ವಿಷವೇರಿ ಸತ್ತರು.

ಸಿಂಪಡಿಸುವ ಮುನ್ನ

ಡಬ್ಬಿಯ ಮೇಲಿನ ವಜ್ರಾಕಾರದ ಗುರುತನ್ನು ಮೊದಲು ನೋಡಬೇಕು. ಅದರ ಕೆಳಭಾಗದ ತ್ರಿಕೋನ ಕೆಂಪಾಗಿದ್ದರೆ ಅತ್ಯುಗ್ರ ವಿಷ. ಹಳದಿ, ನೀಲಿ, ಹಸಿರು ಎಂದು ಉಗ್ರತೆ ಇಳಿಯುತ್ತ ಹೋಗುತ್ತದೆ. ಹಸಿರೆಂದರೆ ನಿರಪಾಯವೆಂದಲ್ಲ. ಓದು ಬಾರದ ಅಜ್ಜಿಗೂ ಈ ಬಣ್ಣಗಳ ಅರ್ಥವನ್ನು ಮೊಮ್ಮಕ್ಕಳು ಹೇಳಿಕೊಡಬಹುದು.

ಸಿಂಪಡಿಸುವುದು ದೊಡ್ಡವರ ಕೆಲಸ, ಮಕ್ಕಳು ದೂರವಿರಬೇಕು. ತುಂಬುತೋಳಿನ ಅಂಗಿ, ಕೈಗವಸು, ಮುಖಗವಸು, ಕನ್ನಡಕ ಬೇಕು. ತಂಪು ಹೊತ್ತಿನಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಲ್ಲಬೇಕು. ಬರಿಗೈಯಿಂದ ಕಲಸಬಾರದು. ಸ್ಪ್ರೇಯರಿನ ಮೂತಿ ಕಟ್ಟಿಕೊಂಡರೆ ಬಾಯಿಂದ ಊದಬಾರದು. ನಡುವೆ ಬೀಡಿ, ಎಲೆಅಡಿಕೆ ಸಲ್ಲದು. ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಕಾಯಿ ಕೀಳಬಾರದು.

ಮಿಕ್ಕ ವಿಷವನ್ನು ನೀರಿನ ಬಾಟಲಿಗೋ ಎಣ್ಣೆ ಡಬ್ಬಿಗೋ ಸುರಿದಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಾಯಾರಿ ಬಂದ ಮಗುವಿಗೆ ಬಾಟಲಿ ಕಾಣುತ್ತದೆಯೇ ಹೊರತು ವಿಷ ಕಾಣುವುದಿಲ್ಲ. ಅದು ತಂದ ಡಬ್ಬಿಯಲ್ಲೇ, ಬೀಗದೊಳಗೆ ಇರಬೇಕು. ಖಾಲಿ ಡಬ್ಬಿಯನ್ನು ತೂತು ಮಾಡಿ ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು.

ಅವಘಡವಾದರೆ

ಮೈಮೇಲೆ ಬಿದ್ದಿದ್ದರೆ ಬಟ್ಟೆ ಕಳಚಿ, ಕೂದಲು ಉಗುರು ಸೇರಿದಂತೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯಬೇಕು. ತೊಳೆಯುವವರ ಕೈಗೂ ಗವಸು ಬೇಕು. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಬೇಕು. ಉಸಿರಿನಲ್ಲಿ ಸೇರಿದ್ದರೆ ಬಯಲಿನ ಗಾಳಿಗೆ ಕರೆತರಬೇಕು.

ಕುಡಿದಿದ್ದರೆ ವಾಂತಿ ಮಾಡಿಸಬಾರದು. ಉಪ್ಪುನೀರು, ಸೋಪಿನ ನೀರು, ಹುಣಸೆ ನೀರು, ಹಾಲು – ಯಾವುದನ್ನೂ ಕುಡಿಸಬಾರದು. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದೇ ಪ್ರಾಣಕ್ಕೆ ಎರವಾದೀತು. ಎಚ್ಚರ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಬೇಕು. ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ವಿಷದ ಡಬ್ಬಿಯನ್ನೋ ಅದರ ಲೇಬಲ್ಲನ್ನೋ ಆಸ್ಪತ್ರೆಗೆ ತಪ್ಪದೆ ಒಯ್ಯಬೇಕು. ಆರ್ಗನೋಫಾಸ್ಫೇಟ್‌ಗೆ ವೈದ್ಯರು ಅಟ್ರೋಪಿನ್ ಕೊಡುತ್ತಾರೆ. ಎಲ್ಲ ಕೀಟನಾಶಕಕ್ಕೂ ಅದೇ ಚಿಕಿತ್ಸೆಯಲ್ಲ. ಲಕ್ಷಣಗಳು ಕೆಲವು ಗಂಟೆ ತಡವಾಗಿಯೂ ತೋರಬಹುದಾದ್ದರಿಂದ ‘ಏನೂ ಆಗಿಲ್ಲ’ವೆಂದು ಮನೆಯಲ್ಲಿ ಕೂರುವುದು ಸರಿಯಲ್ಲ.

ತಿನ್ನುವ ಪದಾರ್ಥದಿಂದ ವಿಚಿತ್ರ ವಾಸನೆ ಬಂದರೆ ಮಗುವಿನ ಮಾತನ್ನು ತಳ್ಳಿಹಾಕದೆ ತಟ್ಟೆಯನ್ನು ಪಕ್ಕಕ್ಕಿಡಬೇಕು. ಮತ್ತು ಆ ಶೀಶೆಯನ್ನು ಇಂದಿನಿಂದ ಔಷಧಿ ಎನ್ನದೆ ವಿಷವೆಂದೇ ಕರೆಯುವ ರೂಢಿಯಾಗಬೇಕು. ವಿಷವೆಂದು ಕರೆದದ್ದನ್ನು ಯಾವ ತಾಯಿಯೂ ಅಡುಗೆಮನೆಯ ಗೂಡಿನಲ್ಲಿ ಇಡಲಾರಳು.